ಸ್ಟೆಂಟ್ ಹಾಕಿದ ಮೇಲೆ ಪ್ಲೇಟ್‌ಲೆಟ್‌ಗಳು ಏನು ಹೇಳುತ್ತವೆ?

ಆಂಜಿಯೋಪ್ಲಾಸ್ಟಿ ಮುಗಿಸಿಕೊಂಡು ಮನೆಗೆ ಬಂದ ನಮ್ಮ ಮಾವ ಮೊದಲು ಮಾಡಿದ ಕೆಲಸ ಅಂದರೆ ಡಿಸ್ಚಾರ್ಜ್ ಫೈಲು ಬಿಚ್ಚಿ ರಕ್ತದ ರಿಪೋರ್ಟ್ ಹುಡುಕಿದ್ದು. 'ಪ್ಲೇಟ್‌ಲೆಟ್ ಎರಡು ಲಕ್ಷದ ನಲವತ್ತು ಸಾವಿರ ಇದೆ ಕಣಯ್ಯಾ, ಏನೂ ಭಯ ಇಲ್ಲ' ಎಂದರು. ಹಿಂದಿನ ಮಳೆಗಾಲದಲ್ಲಿ ಅವರ ಮಗನಿಗೆ ಡೆಂಗ್ಯೂ ಬಂದಿತ್ತು. ಕೌಂಟ್ ನಲವತ್ತು ಸಾವಿರಕ್ಕೆ ಇಳಿದಾಗ ಮನೆಮಂದಿಯೆಲ್ಲ ಪಪ್ಪಾಯಿ ಎಲೆ ಹುಡುಕಿಕೊಂಡು ಊರೆಲ್ಲ ಅಲೆದಿದ್ದರು. ಅಂದಿನಿಂದ ಪ್ಲೇಟ್‌ಲೆಟ್ ವಿಷಯದಲ್ಲಿ ಅವರದು ಒಂದೇ ಲೆಕ್ಕ. ಜಾಸ್ತಿ ಇದ್ದರೆ ಒಳ್ಳೆಯದು, ಕಮ್ಮಿಯಾದರೆ ಗಂಡಾಂತರ.

ಈ ಲೆಕ್ಕ ಅವರೊಬ್ಬರದೇನಲ್ಲ. ಪ್ಲೇಟ್‌ಲೆಟ್ ಎಣಿಸುವುದನ್ನು ನಮಗೆಲ್ಲ ಕಲಿಸಿದ್ದೇ ಡೆಂಗ್ಯೂ. ಆದರೆ ಸ್ಟೆಂಟ್, ಅಂದರೆ ಹೃದಯದ ನಾಳ ತೆರೆದಿಡುವ ಪುಟ್ಟ ಜಾಲರಿ ಕೊಳವೆ, ಹಾಕಿಸಿಕೊಂಡವರಿಗೆ ಆ ಎಣಿಕೆ ಹೇಳುವುದು ಬಹಳ ಕಡಿಮೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಎಷ್ಟಿದ್ದರೂ ಸರಿಯೇ. ಅವು ಎಷ್ಟು ಬೇಗ ಕೆರಳುತ್ತವೆ, ಕೆರಳಿದಾಗ ಏನೇನು ಉಗುಳುತ್ತವೆ ಅನ್ನುವುದರ ಮೇಲೆ ಮುಂದಿನ ಕಥೆ ನಿಂತಿದೆ. ಅದನ್ನು ರಕ್ತ ಪರೀಕ್ಷೆಯಲ್ಲಿ ಹಿಡಿಯಬಹುದೇ, ಹಿಡಿದರೆ ರೋಗಿಗೆ ಏನಾದರೂ ಉಪಯೋಗ ಇದೆಯೇ ಎಂದು ಹೃದಯ ತಜ್ಞರು ಮೂವತ್ತು ವರ್ಷಕ್ಕೂ ಮೇಲೆ ತಲೆ ಕೆಡಿಸಿಕೊಂಡಿದ್ದಾರೆ.

2025ರ ಬೇಸಿಗೆ ಕಳೆದ ಮೇಲೆ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಹರಡಿದಾಗ ಜಯದೇವ ಆಸ್ಪತ್ರೆಯ ಮುಂದೆ ಜನ ಬೆಳಗಾಗುವ ಮೊದಲೇ ಸಾಲು ನಿಂತಿದ್ದರು. ಅದು ಸ್ಟೆಂಟ್ ಹಾಕುವ ಮುಂಚಿನ ಭಯ. ಸ್ಟೆಂಟಿನ ದರದ ಬಗ್ಗೆಯೂ ನಮ್ಮಲ್ಲಿ ಸಾಕಷ್ಟು ಮಾತಾಗಿದೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಬರಿಯ ಲೋಹದ ಸ್ಟೆಂಟಿಗೆ 7,260 ರೂಪಾಯಿ ಎಂದು ಮಿತಿ ಹಾಕಿದಾಗ ಅದು ಮುಖಪುಟದ ಸುದ್ದಿ. ಸ್ಟೆಂಟ್ ಒಳಗೆ ಹೋದ ಮೇಲೆ ಆ ರಕ್ತನಾಳ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಮಾತ್ರ ಯಾಕೋ ಯಾರ ಬಾಯಲ್ಲೂ ಇಲ್ಲ.

1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರೂಂಟ್ಸಿಗ್ ಅವರು, ಎಚ್ಚರವಾಗಿಯೇ ಇದ್ದ ರೋಗಿಯ ಹೃದಯದ ರಕ್ತನಾಳದೊಳಗೆ ಮೊದಲ ಬಾರಿಗೆ ಬಲೂನು ಉಬ್ಬಿಸಿದರು. 'ಬಲೂನು ಕೊಬ್ಬನ್ನು ಪಕ್ಕಕ್ಕೆ ಒತ್ತುತ್ತದೆ' ಎಂದು ನಾವು ಈಗಲೂ ಹೇಳಿಕೊಳ್ಳುತ್ತೇವೆ, ಕಟ್ಟಿಕೊಂಡ ಪೈಪು ಬಿಡಿಸಿದ ಹಾಗೆ. ಕೆಲಸ ಅಷ್ಟು ನಯವಾದದ್ದಲ್ಲ. ಕಾರಿನ ಟೈರಿನಲ್ಲಿ ಸುಮಾರು 2 ಅಟ್ಮಾಸ್ಫಿಯರ್ ಒತ್ತಡ ಇರುತ್ತದೆ. ಸ್ಟೆಂಟ್ ಕೂರಿಸುವ ಬಲೂನಿನಲ್ಲಿ 12, 16, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಅದೂ ಹೆಚ್ಚುಕಡಿಮೆ 3 ಮಿಲಿಮೀಟರ್ ಅಗಲದ ನಾಳದೊಳಗೆ. ಗಟ್ಟಿಯಾಗಿದ್ದ ಕೊಬ್ಬಿನ ದಿಬ್ಬ ಬಿರಿಯುತ್ತದೆ. ನಾಳದ ಒಳಮೈಗೆ ಹೊದಿಸಿದಂತಿರುವ ಎಂಡೋಥೀಲಿಯಂ ಎಂಬ ತೆಳು ಪದರ ಅಲ್ಲಲ್ಲಿ ಕಿತ್ತುಬರುತ್ತದೆ. ಒಟ್ಟಿನಲ್ಲಿ ಡಾಕ್ಟರು ರಕ್ತ ಹರಿಯಲು ದಾರಿ ಮಾಡುವುದಕ್ಕೆ ಬೇಕೆಂದೇ ಒಂದು ಗಾಯ ಮಾಡುತ್ತಾರೆ.

ಗಾಯ ಕಂಡರೆ ಪ್ಲೇಟ್‌ಲೆಟ್ ಸುಮ್ನೆ ಇರುವುದಿಲ್ಲ. ಅದು ಇರುವುದೇ ಅದಕ್ಕೆ. ಎರಡು ಮೂರು ಮೈಕ್ರಾನ್ ಅಗಲದ, ಒಳಗೆ ನ್ಯೂಕ್ಲಿಯಸ್ ಕೂಡ ಇಲ್ಲದ, ಏಳರಿಂದ ಹತ್ತು ದಿನ ಬದುಕುವ ಪುಟ್ಟ ಬಿಲ್ಲೆ. ಅಡುಗೆಮನೆಯಲ್ಲಿ ಬೆರಳು ಕೊಯ್ದಾಗ ಇದೇ ಬಿಲ್ಲೆ ನಮ್ಮನ್ನು ಕಾಯುತ್ತದೆ. ಈಳಿಗೆಮಣೆಯ ಗಾಯ ಯಾವುದು, ಡಾಕ್ಟರ ಬಲೂನಿನ ಗಾಯ ಯಾವುದು ಅನ್ನುವ ವ್ಯತ್ಯಾಸ ಅದಕ್ಕೆ ತಿಳಿಯದು. ಕಿತ್ತುಹೋದ ಜಾಗಕ್ಕೆ ಅಂಟಿಕೊಳ್ಳುತ್ತದೆ, ಆಕಾರ ಬದಲಿಸುತ್ತದೆ, ಹೊಟ್ಟೆಯೊಳಗಿನ ಚೀಲಗಳನ್ನು ಒಡೆದು ಸುರಿಯುತ್ತದೆ. ಎಡಿಪಿ, ಸೆರೊಟೋನಿನ್ ಎಂಬ ರಾಸಾಯನಿಕಗಳು, ಜೊತೆಗೆ ಆಗಲೇ ತಯಾರಿಸಿದ ಥ್ರಾಂಬಾಕ್ಸೇನ್, ಹೀಗೆ. ಆ ಕರೆ ಕೇಳಿ ಅಕ್ಕಪಕ್ಕದವೂ ಓಡಿ ಬಂದು ಗುಂಪು ಕಟ್ಟುತ್ತವೆ.

ಇಲ್ಲಿಂದ ರಕ್ತನಾಳದ ವರ್ತನೆ ಕುತೂಹಲ ಹುಟ್ಟಿಸುತ್ತದೆ. ಮಾವನ ಫೈಲಿನಲ್ಲಿ ಒಂದು ಸಾಲಿತ್ತು. ಸ್ಟೆಂಟ್ ಕೂರಿಸಿದ ಮೇಲೆ ನಾಳದ ಮುಂದಿನ ಭಾಗ ಬಿಗಿದುಕೊಂಡಿತು, ನೈಟ್ರೋಗ್ಲಿಸರಿನ್ ಕೊಟ್ಟ ಮೇಲೆ ಸರಿಯಾಯಿತು ಎಂದು. 'ಅಡ್ಡಿ ತೆಗೆದ ಮೇಲೂ ಯಾಕೆ ಬಿಗಿಯಬೇಕು? ಅದೂ ಬಲೂನು ಮುಟ್ಟದ ಜಾಗದಲ್ಲಿ?' ಎಂದು ಮಾವ ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರದ ಒಂದು ತುಂಡು ಸೆರೊಟೋನಿನ್‌ನಲ್ಲಿದೆ. ರಕ್ತದಲ್ಲಿರುವ ಸೆರೊಟೋನಿನ್ ಪೂರ್ತಿ ಎನ್ನುವಷ್ಟು ಪ್ಲೇಟ್‌ಲೆಟ್‌ಗಳ ಚೀಲದಲ್ಲೇ ಇರುತ್ತದೆ. ಅದು ಆರೋಗ್ಯವಂತ ನಾಳವನ್ನು ತಾಗಿದರೆ ಎಂಡೋಥೀಲಿಯಂ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ನಾಳ ಹಿಗ್ಗುತ್ತದೆ. ಅದೇ ಸೆರೊಟೋನಿನ್ ಕಾಯಿಲೆ ಬಿದ್ದ ನಾಳವನ್ನು ತಾಗಿದರೆ ನಾಳ ಕುಗ್ಗುತ್ತದೆ. ಒಂದೇ ರಾಸಾಯನಿಕ, ಎರಡು ತದ್ವಿರುದ್ಧ ಫಲ. ನಡುವೆ ಇರುವುದು ಆ ತೆಳು ಪದರ ಚೆನ್ನಾಗಿದೆಯೋ ಇಲ್ಲವೋ ಅನ್ನುವುದಷ್ಟೇ.

ಈ ಪದರದ ಮಹಿಮೆ ಮೊದಲು ಗೊತ್ತಾದದ್ದು ಮೊಲದ ರಕ್ತನಾಳದಲ್ಲಿ. ಒಳಪದರ ಉಜ್ಜಿಹೋದ ತುಂಡು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಕ್ಕೆ ಸಡಿಲವಾಗುವುದಿಲ್ಲ, ಪದರ ಇದ್ದ ತುಂಡು ಸಡಿಲವಾಗುತ್ತದೆ ಎಂದು 1980ರಲ್ಲಿ ತೋರಿಸಿದವರು ರಾಬರ್ಟ್ ಫರ್ಚ್‌ಗಾಟ್. 1998ರ ನೊಬೆಲ್ ಅವರಿಗೂ ಇನ್ನಿಬ್ಬರಿಗೂ ಬಂತು. 1994ರಲ್ಲಿ ಇಟಲಿಯ ಗೋಲಿನೊ ಮತ್ತು ಸಂಗಡಿಗರು ಇದನ್ನು ಆಂಜಿಯೋಪ್ಲಾಸ್ಟಿ ಟೇಬಲ್ಲಿಗೇ ತಂದರು. ಬಲೂನು ಉಬ್ಬಿಸಿದ ಮೇಲೆ ಹೃದಯದ ರಕ್ತದಲ್ಲಿ ಸೆರೊಟೋನಿನ್ ಬಿಡುಗಡೆಯಾಗುತ್ತದೆ, ಅದು ಹರಿವಿನ ಜೊತೆ ಮುಂದೆ ಸಾಗಿ ಬಲೂನು ತಾಗದ ಭಾಗವನ್ನೂ ಬಿಗಿಯುವಂತೆ ಮಾಡುತ್ತದೆ, ಸೆರೊಟೋನಿನ್‌ಗೆ ಅಡ್ಡ ಹಾಕುವ ಔಷಧ ಕೊಟ್ಟರೆ ಆ ಬಿಗಿತ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಮಾವನ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಸಿಕ್ಕಿಲ್ಲ.

ಈ ಬಿಗಿತ ಸಾಮಾನ್ಯವಾಗಿ ನಿಮಿಷಗಳ ಮಾತು. ತಿಂಗಳುಗಳ ಮಾತು ಬೇರೆ ಇದೆ. ಬರೀ ಬಲೂನಿನ ಕಾಲದಲ್ಲಿ ಆರು ತಿಂಗಳೊಳಗೆ ಹತ್ತರಲ್ಲಿ ಮೂರು ನಾಲ್ಕು ಜನರ ನಾಳ ಮತ್ತೆ ಕಿರಿದಾಗುತ್ತಿತ್ತು. ಗಾಯ ಮಾಗುವ ಭರದಲ್ಲಿ ನಾಳದ ಗೋಡೆಯ ಸ್ನಾಯು ಕಣಗಳು ಬೆಳೆದು ಒಳಗೆ ನುಗ್ಗುತ್ತಿದ್ದವು. ಪ್ಲೇಟ್‌ಲೆಟ್‌ಗಳಿಂದ ಬರುವ ಒಂದು ಅಂಶ ಈ ಕಣಗಳನ್ನು ಬೆಳೆಸುತ್ತದೆ ಎಂದು ರಸೆಲ್ ರಾಸ್ 1974ರಲ್ಲೇ ಹೇಳಿದ್ದರು. ಹಾಗಾದರೆ ಪ್ಲೇಟ್‌ಲೆಟ್ ಬಾಯಿ ಮುಚ್ಚಿಸಿದರೆ ನಾಳ ಮತ್ತೆ ಕಟ್ಟಬಾರದು, ಅಲ್ವಾ? ಎಲ್ಲರೂ ಹಾಗೇ ಅಂದುಕೊಂಡರು. 1988ರಲ್ಲಿ ಕೆನಡಾದಲ್ಲಿ ಆಸ್ಪಿರಿನ್ ಮತ್ತು ಡೈಪಿರಿಡಮೋಲ್ ಕೊಟ್ಟು ನೋಡಿದರು. ಆಂಜಿಯೋಪ್ಲಾಸ್ಟಿ ಹೊತ್ತಿನ ಹೃದಯಾಘಾತ ಕಮ್ಮಿಯಾಯಿತು, ನಾಳ ಮತ್ತೆ ಕಿರಿದಾಗುವುದು ಕಮ್ಮಿಯಾಗಲಿಲ್ಲ. ಆಮೇಲೆ ಇನ್ನೂ ಬಲವಾದ ಅಬ್‌ಸಿಕ್ಸಿಮಾಬ್ ಬಂತು. ಅದೂ ಸ್ಟೆಂಟಿನೊಳಗೆ ಮಾಂಸ ಬೆಳೆಯುವುದನ್ನು ತಡೆಯಲಿಲ್ಲ. ಕೊನೆಗೆ ತಡೆದದ್ದು ಕಣ ಬೆಳವಣಿಗೆಯನ್ನೇ ನಿಲ್ಲಿಸುವ ಸಿರೊಲಿಮಸ್, ಅದೂ ಸ್ಟೆಂಟಿಗೇ ಲೇಪಿಸಿದಾಗ. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ ಔಷಧ ಅದು. ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಎಡುವಾರ್ಡೊ ಸೌಸಾ 1999ರಲ್ಲಿ ಅಂಥ ಸ್ಟೆಂಟನ್ನು ಮೊದಲು ಮನುಷ್ಯರಿಗೆ ಹಾಕಿದರು.

ಈ ಸೋಲಿನಲ್ಲಿ ಒಂದು ಪಾಠ ಇತ್ತು. ಸ್ಟೆಂಟಿನೊಳಗೆ ದಿಢೀರ್ ಹೆಪ್ಪುಗಟ್ಟುವುದು ಒಂದು, ನಿಧಾನವಾಗಿ ಮಾಂಸ ಬೆಳೆದು ಕಿರಿದಾಗುವುದು ಇನ್ನೊಂದು. ಮೊದಲನೆಯದರಲ್ಲಿ ಪ್ಲೇಟ್‌ಲೆಟ್ ಮುಖ್ಯ ಪಾತ್ರಧಾರಿ. ಎರಡನೆಯದರಲ್ಲಿ ಅದು ಪ್ರವೇಶ ಮಾಡಿ, ಎರಡು ಮಾತಾಡಿ, ಚೌಕಿಗೆ ಹೋಗಿಬಿಡುವ ಪಾತ್ರ. ಹೊಸ ಲೇಪನಕ್ಕೂ ಅದರದ್ದೇ ಬೆಲೆ ಇತ್ತು. ಮಾಂಸ ಬೆಳೆಯುವುದನ್ನು ತಡೆಯುವ ಔಷಧ ಎಂಡೋಥೀಲಿಯಂ ಮರಳಿ ಹೊದೆಯುವುದನ್ನೂ ತಡವಾಗಿಸುತ್ತದೆ. ಮೊದಲ ತಲೆಮಾರಿನ ಸಿರೊಲಿಮಸ್ ಸ್ಟೆಂಟ್ ಹಾಕಿದ ಆರು ತಿಂಗಳ ಮೇಲೆ ವ್ಯಾಯಾಮ ಮಾಡಿಸಿ ನೋಡಿದಾಗ, ಸ್ಟೆಂಟಿನ ಅಕ್ಕಪಕ್ಕದ ನಾಳ ಹಿಗ್ಗುವ ಬದಲು ಕುಗ್ಗಿದ್ದನ್ನು ಸ್ವಿಟ್ಜರ್ಲೆಂಡ್‌ನ ತಜ್ಞರು 2005ರಲ್ಲಿ ವರದಿ ಮಾಡಿದರು. ಈಗಿನ ಸ್ಟೆಂಟುಗಳ ತಂತಿ ತೆಳು, ಲೇಪನವೂ ಸೌಮ್ಯ. ತೊಂದರೆ ಬಹಳಷ್ಟು ಇಳಿದಿದೆ.

ಇನ್ನು ಪರೀಕ್ಷೆಯ ವಿಷಯ. ಪ್ಲೇಟ್‌ಲೆಟ್ ಕೆರಳಿದೆ ಎಂದು ತೋರಿಸುವ ಗುರುತುಗಳಿಗೆ ಲ್ಯಾಬಿನವರು ಮಾರ್ಕರ್ ಅನ್ನುತ್ತಾರೆ. ಅವುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಪಿ-ಸೆಲೆಕ್ಟಿನ್ ಎಂಬ ಪ್ರೋಟೀನು. ಶಾಂತವಾಗಿರುವ ಪ್ಲೇಟ್‌ಲೆಟ್‌ನಲ್ಲಿ ಇದು ಒಳಗಿನ ಚೀಲದಲ್ಲಿ ಮಡಚಿಕೊಂಡಿರುತ್ತದೆ. ಕೆರಳಿದಾಗ ಹೊರಮೈಗೆ ಬರುತ್ತದೆ, ಬಾವುಟ ಹಾರಿಸಿದ ಹಾಗೆ. ಆ ಬಾವುಟ ಹಿಡಿದು ಬಿಳಿ ರಕ್ತಕಣಗಳೂ ಬಂದು ಅಂಟಿಕೊಳ್ಳುತ್ತವೆ. ಆಂಜಿಯೋಪ್ಲಾಸ್ಟಿಗೆ ಮೊದಲೇ ಇಂಥ ಬಾವುಟ ಜಾಸ್ತಿ ಇದ್ದವರಲ್ಲಿ ನಂತರದ ತೊಂದರೆಯೂ ಜಾಸ್ತಿ ಎಂದು 1993ರಲ್ಲಿ ಜರ್ಮನಿಯ ತಂಡವೊಂದು ತೋರಿಸಿದಾಗ ಆಸೆ ಚಿಗುರಿತ್ತು. ಒಂದು ಹನಿ ರಕ್ತ ನೋಡಿ ಯಾರ ಸ್ಟೆಂಟ್ ಕಟ್ಟುತ್ತದೆ ಎಂದು ಹೇಳಿಬಿಡಬಹುದಲ್ಲ!

ಹೇಳಲು ಬರಲಿಲ್ಲ. ಮೊದಲ ಅಡ್ಡಿ ತೀರಾ ಸಾಮಾನ್ಯದ್ದು. ಪ್ಲೇಟ್‌ಲೆಟ್ ಕೆರಳುವುದು ಗಾಯ ಕಂಡಾಗ. ರಕ್ತ ತೆಗೆಯಲು ಸೂಜಿ ಚುಚ್ಚುವುದೂ ಗಾಯವೇ. ತೋಳಿಗೆ ಬಿಗಿಯಾಗಿ ರಬ್ಬರ್ ಕಟ್ಟಿದರೆ, ಸಿರಿಂಜು ಜೋರಾಗಿ ಎಳೆದರೆ, ಟ್ಯೂಬು ಲ್ಯಾಬಿಗೆ ತಡವಾಗಿ ಹೋದರೆ, ಅಳೆಯಬೇಕಾದದ್ದು ಟ್ಯೂಬಿನೊಳಗೇ ಶುರುವಾಗುತ್ತದೆ. ಬೀಟಾ ಥ್ರಾಂಬೊಗ್ಲಾಬ್ಯುಲಿನ್, ಪ್ಲೇಟ್‌ಲೆಟ್ ಫ್ಯಾಕ್ಟರ್ 4 ಎಂಬ ಎರಡು ಹಳೆಯ ಗುರುತುಗಳಲ್ಲಿ ಇದಕ್ಕೆ ಒಂದು ಜಾಣ ಉಪಾಯ ಇತ್ತು. ಎರಡೂ ಒಂದೇ ಚೀಲದಿಂದ ಬರುತ್ತವೆ. ಮೈಯೊಳಗೆ ಬಿಡುಗಡೆಯಾದರೆ ಎರಡನೆಯದು ಬೇಗ ಖಾಲಿಯಾಗಿ ಮೊದಲನೆಯದು ಮಾತ್ರ ಏರಿರುತ್ತದೆ. ಎರಡೂ ಒಟ್ಟಿಗೆ ಏರಿದ್ದರೆ ತಪ್ಪು ರೋಗಿಯದ್ದಲ್ಲ, ರಕ್ತ ತೆಗೆದವರದ್ದು. ಈಗ ರಕ್ತಕಣ ಎಣಿಸುವ ಪ್ರತಿ ಸಿಬಿಸಿ ರಿಪೋರ್ಟಿನಲ್ಲೂ ಎಂಪಿವಿ ಎಂಬ ಅಂಕಿ ಇರುತ್ತದೆ, ಪ್ಲೇಟ್‌ಲೆಟ್‌ನ ಸರಾಸರಿ ಗಾತ್ರ. ದೊಡ್ಡ ಪ್ಲೇಟ್‌ಲೆಟ್ ಹೆಚ್ಚು ಚುರುಕು ಅನ್ನುವುದೇನೋ ನಿಜ. ಆದರೆ ಮಾಮೂಲಿ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಟ್ಟಷ್ಟೂ ಹೊತ್ತು ಅವು ಊದಿಕೊಳ್ಳುತ್ತವೆ. ಬೆಳಿಗ್ಗೆ ತೆಗೆದ ರಕ್ತವನ್ನು ಮಧ್ಯಾಹ್ನ ಮೆಷಿನ್ನಿಗೆ ಹಾಕಿದರೆ ಬರುವ ಎಂಪಿವಿ ನೋಡಿ ಹೆದರುವುದೂ ವ್ಯರ್ಥ, ಸಮಾಧಾನ ಪಡುವುದೂ ವ್ಯರ್ಥ.

ಎರಡನೆಯ ಅಡ್ಡಿ ದೂರದ್ದು. ಗಲಾಟೆ ನಡೆಯುತ್ತಿರುವುದು ಹೃದಯದ ಒಂದು ಇಂಚಿನಷ್ಟು ಉದ್ದದ ನಾಳದಲ್ಲಿ. ನಾವು ರಕ್ತ ತೆಗೆಯುವುದು ಮೊಣಕೈ ಮಡಿಕೆಯಲ್ಲಿ. ಸುಮಾರು ಐದು ಲೀಟರ್ ರಕ್ತದಲ್ಲಿ ಆ ಸುದ್ದಿ ಕರಗಿಹೋಗಿರುತ್ತದೆ. ಸಂಶೋಧಕರು ಹೃದಯದಿಂದ ಹೊರಬರುವ ಸಿರೆಯಿಂದಲೇ ರಕ್ತ ತೆಗೆದು ನೋಡುತ್ತಾರೆ. ಅದನ್ನು ಫಾಲೋಅಪ್‌ಗೆ ಬಂದವರಿಗೆಲ್ಲ ಮಾಡಲಾಗದು.

ಹೀಗಾಗಿ ದಾರಿ ಬದಲಾಯಿತು. ಕೆರಳಿದ ಗುರುತು ಹುಡುಕುವ ಬದಲು, ಟ್ಯೂಬಿನಲ್ಲಿ ಬೇಕೆಂದೇ ಕೆರಳಿಸಿ, ಸ್ಟೆಂಟ್ ಹಾಕಿದವರಿಗೆ ಆಸ್ಪಿರಿನ್ ಜೊತೆ ಕೊಡುವ ಕ್ಲೋಪಿಡೋಗ್ರೆಲ್ ಮಾತ್ರೆ ಅದನ್ನು ಎಷ್ಟು ತಡೆಯುತ್ತದೆ ಎಂದು ನೋಡುವ ಕ್ರಮ. ಇದರ ಮೂಲ ಉಪಕರಣ ಗುಸ್ಟಾವ್ ಬಾರ್ನ್ 1962ರಲ್ಲೇ ಮಾಡಿದ್ದು. ಈಗ ವೆರಿಫೈನೌ ಎಂಬ ಪುಟ್ಟ ಯಂತ್ರ ಕೆಲವೇ ನಿಮಿಷದಲ್ಲಿ ಪಿಆರ್‌ಯು ಎಂಬ ಅಂಕಿ ಕೊಡುತ್ತದೆ. 208ಕ್ಕಿಂತ ಜಾಸ್ತಿ ಬಂದರೆ ಕ್ಲೋಪಿಡೋಗ್ರೆಲ್ ಸಾಕಷ್ಟು ಹಿಡಿತ ಸಾಧಿಸಿಲ್ಲ ಎಂದು ಅರ್ಥ. ಅಂದಹಾಗೆ ಇದನ್ನು ನಾವು 'ರಕ್ತ ತೆಳು ಮಾಡುವ ಮಾತ್ರೆ' ಅನ್ನುವುದು ಸರಿಯಲ್ಲ. ರಕ್ತ ಎಷ್ಟು ಗಟ್ಟಿ ಇತ್ತೋ ಅಷ್ಟೇ ಇರುತ್ತದೆ. ಪ್ಲೇಟ್‌ಲೆಟ್‌ಗೆ ಎಡಿಪಿಯ ಕರೆ ಕೇಳಿಸದ ಹಾಗೆ ಅದು ಕಿವಿ ಮುಚ್ಚುತ್ತದೆ, ಅಷ್ಟೇ.

ಈ ಅಂಕಿಯ ಬಗ್ಗೆ ದೊಡ್ಡ ಅಧ್ಯಯನ 2013ರಲ್ಲಿ ಬಂದ ಅಡಾಪ್ಟ್-ಡೆಸ್. ಸ್ಟೆಂಟ್ ಹಾಕಿಸಿಕೊಂಡ 8,583 ಜನ. ಅಂಕಿ ಜಾಸ್ತಿ ಇದ್ದವರಲ್ಲಿ ಒಂದು ವರ್ಷದಲ್ಲಿ ಸ್ಟೆಂಟಿನಲ್ಲಿ ಹೆಪ್ಪುಗಟ್ಟಿದ್ದು ಶೇ. 1.3, ಕಮ್ಮಿ ಇದ್ದವರಲ್ಲಿ ಶೇ. 0.5. 'ಎರಡೂವರೆ ಪಟ್ಟು ಅಪಾಯ!' ಎಂದು ಬರೆದರೆ ಎದೆ ಝಲ್ ಎನ್ನುತ್ತದೆ. ಅದೇ ಅಂಕಿಯನ್ನು ಇನ್ನೊಂದು ಕಡೆಯಿಂದ ಓದಿ ನೋಡಿ. ರಿಪೋರ್ಟ್ ಕೆಟ್ಟದಾಗಿ ಬಂದ ನೂರು ಜನರಲ್ಲಿ ತೊಂಬತ್ತೆಂಟಕ್ಕೂ ಹೆಚ್ಚು ಜನರಿಗೆ ಹೆಪ್ಪು ಕಟ್ಟಲೇ ಇಲ್ಲ. ಇದರ ಜೊತೆ ಇನ್ನೊಂದು ಸಂಗತಿ ಇತ್ತು. ಅಂಕಿ ಜಾಸ್ತಿ ಇದ್ದವರಲ್ಲಿ ರಕ್ತಸ್ರಾವ ಕಮ್ಮಿ. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಸೇರಿ, ಸಾವಿನ ಲೆಕ್ಕದಲ್ಲಿ ಆ ಅಂಕಿಗೆ ತನ್ನದೇ ಆದ ತೂಕ ಉಳಿಯಲಿಲ್ಲ.

ಹಾಗಾದರೆ ಅಂಕಿ ನೋಡಿ ಔಷಧ ಬದಲಿಸಿದರೆ? ಇದನ್ನೂ ಮಾಡಿ ನೋಡಿದ್ದಾರೆ. 2011ರ ಗ್ರ್ಯಾವಿಟಾಸ್ ಅಧ್ಯಯನದಲ್ಲಿ ಅಂಕಿ ಜಾಸ್ತಿ ಇದ್ದ 2,214 ಜನರಲ್ಲಿ ಅರ್ಧದಷ್ಟು ಜನರಿಗೆ ಕ್ಲೋಪಿಡೋಗ್ರೆಲ್ 75ರ ಬದಲು 150 ಮಿಲಿಗ್ರಾಂ ಕೊಟ್ಟರು. ಆರು ತಿಂಗಳ ಮೇಲೆ ಎರಡೂ ಗುಂಪಿನಲ್ಲಿ ತೊಂದರೆ ಶೇ. 2.3. ಒಂದು ದಶಮಾಂಶದ ವ್ಯತ್ಯಾಸವೂ ಇಲ್ಲ. ಮರುವರ್ಷ ಫ್ರಾನ್ಸಿನ ಆರ್ಕ್ಟಿಕ್ ಅಧ್ಯಯನ, 2,440 ಜನ. ಪರೀಕ್ಷೆ ಮಾಡಿ ಔಷಧ ಹೊಂದಿಸಿದವರಿಗೆ ಏನೂ ಲಾಭ ಆಗಲಿಲ್ಲ. 2016ರಲ್ಲಿ 75 ವರ್ಷ ದಾಟಿದವರ ಮೇಲೆ ಮಾಡಿದ ಅಧ್ಯಯನದಲ್ಲೂ ಅದೇ.

ನನ್ನ ಮಟ್ಟಿಗೆ ಈ ಸರಣಿ ಸೋಲಿನಲ್ಲೇ ಇಡೀ ವಿಷಯದ ತಿರುಳಿದೆ. ಅಪಾಯದ ಜೊತೆ ಓಡಾಡುವುದೆಲ್ಲ ಅಪಾಯಕ್ಕೆ ಕಾರಣ ಆಗಿರುವುದಿಲ್ಲ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಕಿಡ್ನಿ ಸೋತವರು, ಇವರ ಪ್ಲೇಟ್‌ಲೆಟ್ ಹೆಚ್ಚು ಸಿಡುಕು. ಇವರ ನಾಳಗಳೂ ಮೊದಲೇ ಹೆಚ್ಚು ಹಾಳಾಗಿರುತ್ತವೆ. ಥರ್ಮಾಮೀಟರನ್ನು ಕೊಡವಿದರೆ ಪಾದರಸ ಇಳಿಯುತ್ತದೆ, ಜ್ವರ ಇಳಿಯುವುದಿಲ್ಲ. ಅಂಕಿಯನ್ನಷ್ಟೇ ಇಳಿಸಲು ಹೋದಾಗ ಬಹುಶಃ ಹಾಗೇ ಆಯಿತು. ಯುರೋಪು, ಅಮೆರಿಕದ ಮಾರ್ಗಸೂಚಿಗಳು ಈ ಪರೀಕ್ಷೆಯನ್ನು ಎಲ್ಲರಿಗೂ ವಾಡಿಕೆಯಾಗಿ ಮಾಡಬೇಕು ಎಂದು ಹೇಳುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರಿಗೆ ಪ್ಯಾಕೇಜಿನಲ್ಲಿ ಇದನ್ನು ಸೇರಿಸಿದ್ದರೆ ಯಾಕೆ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಪರೀಕ್ಷೆಗೆ ಒಂದು ಜಾಗ ಸಿಕ್ಕಿದೆ, ಅದೂ ಯಾರೂ ಎಣಿಸದ ಕಡೆ. ಔಷಧ ಏರಿಸುವ ಬದಲು ಇಳಿಸಲು. ಹೃದಯಾಘಾತ ಆದವರಿಗೆ ಈಗ ಪ್ರಾಸುಗ್ರೆಲ್, ಟಿಕಾಗ್ರೆಲೋರ್‌ನಂಥ ಬಲವಾದ ಮಾತ್ರೆ ಕೊಡುತ್ತಾರೆ. ಹೆಪ್ಪು ಕಮ್ಮಿ, ಆದರೆ ರಕ್ತಸ್ರಾವ ಜಾಸ್ತಿ. ಅಂಥವರಲ್ಲಿ ಯಾರನ್ನು ಸುರಕ್ಷಿತವಾಗಿ ಕ್ಲೋಪಿಡೋಗ್ರೆಲ್‌ಗೆ ಇಳಿಸಬಹುದು ಎಂದು ಪರೀಕ್ಷೆ ಹೇಳಬಲ್ಲದು. 2017ರ ಟ್ರಾಪಿಕಲ್-ಎಸಿಎಸ್ ಅಧ್ಯಯನದಲ್ಲಿ 2,610 ಜನರಲ್ಲಿ ಇದನ್ನು ನೋಡಿದರು. ಹಾಗೆ ಇಳಿಸಿದವರು ಬಲವಾದ ಮಾತ್ರೆಯಲ್ಲೇ ಉಳಿದವರಿಗಿಂತ ಹಿಂದೆ ಬೀಳಲಿಲ್ಲ. 2019ರಲ್ಲಿ ನೆದರ್ಲೆಂಡ್ಸ್ ಮುಂದಾಳತ್ವದ ಇನ್ನೊಂದು ಅಧ್ಯಯನ ಇದೇ ಕೆಲಸವನ್ನು ಜೀನ್ ಪರೀಕ್ಷೆಯಿಂದ ಮಾಡಿತು. ಅಲ್ಲಿ ರಕ್ತಸ್ರಾವವೂ ಇಳಿಯಿತು.

ಜೀನ್ ವಿಷಯ ನಮಗೆ ಹತ್ತಿರದ್ದು. ಕ್ಲೋಪಿಡೋಗ್ರೆಲ್ ನುಂಗಿದ ಹಾಗೇ ಕೆಲಸ ಮಾಡುವುದಿಲ್ಲ. ಲಿವರ್‌ನ ಸಿವೈಪಿ2ಸಿ19 ಎಂಬ ಕಿಣ್ವ ಅದನ್ನು ಬದಲಿಸಿದ ಮೇಲೆಯೇ ಅದಕ್ಕೆ ಬಲ. ಈ ಕಿಣ್ವದ ಜೀನಿನ ಎರಡು ಪ್ರತಿಗಳಲ್ಲಿ ಒಂದಾದರೂ ಕೆಲಸ ಮಾಡದವರು ಯುರೋಪಿನವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು. ದಕ್ಷಿಣ ಏಷ್ಯಾದವರಲ್ಲಿ ಅರ್ಧಕ್ಕೂ ಜಾಸ್ತಿ. ಎರಡೂ ಪ್ರತಿ ಹಾಗಿರುವವರಲ್ಲಿ ಮಾತ್ರೆಯ ಫಲ ತೀರಾ ಕಮ್ಮಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಔಷಧದ ಚೀಟಿಯ ಮೇಲೆ ಎಚ್ಚರಿಕೆ ಹಾಕಿಸಿದೆ. ಹಾಗಂತ ನಮ್ಮಲ್ಲಿ ಅರ್ಧ ಜನರ ಸ್ಟೆಂಟು ಕಟ್ಟಿಕೊಳ್ಳುತ್ತಿಲ್ಲ. ಜೀನೂ ಒಂದು ಗುರುತು, ಹಣೆಬರಹ ಅಲ್ಲ. ಇದೇ ಕಿಣ್ವಕ್ಕೆ ಅಡ್ಡ ಬರುವ ಒಂದು ಮಾಮೂಲಿ ಔಷಧವೂ ಇದೆ, ಒಮೆಪ್ರಜೋಲ್. ನಾವು ಗ್ಯಾಸ್ ಮಾತ್ರೆ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವಂಥದ್ದು. ಹೃದಯದ ಡಾಕ್ಟರು ಅದರ ಬದಲು ಪ್ಯಾಂಟೊಪ್ರಜೋಲ್ ಬರೆಯುವುದು ಇದೇ ಕಾರಣಕ್ಕೆ.

ಈಗ ಮಾವನ ಕಥೆಯ ಉಳಿದ ಭಾಗ. ಸ್ಟೆಂಟ್ ಹಾಕಿ ಎರಡು ತಿಂಗಳಾಗಿತ್ತು. ದವಡೆ ಹಲ್ಲು ನೋವು. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದರು. 'ಹಲ್ಲು ಕೀಳಬೇಕು, ಪ್ಲೇಟ್‌ಲೆಟ್ ತಡೆಯುವ ಎರಡೂ ಮಾತ್ರೆ ಐದು ದಿನ ನಿಲ್ಲಿಸಿ ಬನ್ನಿ' ಎಂದರಂತೆ ಅಲ್ಲಿ. ಮಾವ ವಿಧೇಯ ಮನುಷ್ಯ. ಒಂದು ದಿನದ ಮಾತ್ರೆ ಬಿಟ್ಟೂ ಆಗಿತ್ತು.

ಯಾವ ಮಾರ್ಕರ್ ಹೇಳಿದ್ದಕ್ಕಿಂತಲೂ ಜೋರಾಗಿ ಅಪಾಯ ಹೇಳುವ ಗುರುತು ಇದು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೊದಲ ತಲೆಮಾರಿನ ಔಷಧ ಲೇಪಿತ ಸ್ಟೆಂಟ್ ಹಾಕಿಸಿಕೊಂಡ 2,229 ಜನರನ್ನು ಒಂಬತ್ತು ತಿಂಗಳು ಗಮನಿಸಿದರು. ಹೆಪ್ಪುಗಟ್ಟಿದ್ದು 29 ಜನರಿಗೆ, ಅವರಲ್ಲಿ 13 ಜನ ತೀರಿಕೊಂಡರು. ಎಲ್ಲಕ್ಕಿಂತ ದೊಡ್ಡ ಕಾರಣವಾಗಿ ಕಂಡದ್ದು ಅವಧಿಗೆ ಮುನ್ನ ಮಾತ್ರೆ ಬಿಟ್ಟದ್ದು. ಇಂದಿನ ಸ್ಟೆಂಟುಗಳಲ್ಲಿ ಅಪಾಯ ಅಷ್ಟಿಲ್ಲ. ರಕ್ತಸ್ರಾವದ ಭಯ ಇರುವವರಿಗೆ ಡಾಕ್ಟರೇ ಲೆಕ್ಕ ಹಾಕಿ ಬೇಗ ಒಂದು ಮಾತ್ರೆ ನಿಲ್ಲಿಸುವುದೂ ಉಂಟು. ಆದರೆ ಎರಡನೇ ತಿಂಗಳಲ್ಲಿ ಎರಡೂ ಒಟ್ಟಿಗೆ? ಡೆಂಗ್ಯೂ ಬಂದು ಕೌಂಟ್ ಕುಸಿದಾಗಲೂ ಸ್ಟೆಂಟ್ ಇರುವವರ ಮಾತ್ರೆ ತಾನಾಗಿ ನಿಲ್ಲುವುದಿಲ್ಲ. ಕೌಂಟ್ ಎಷ್ಟಕ್ಕೆ ಇಳಿಯಿತು, ಸ್ಟೆಂಟ್ ಹಾಕಿ ಎಷ್ಟು ದಿನವಾಯಿತು ಎಂದು ನೋಡಿ ಹೃದಯದ ಡಾಕ್ಟರು ತೀರ್ಮಾನಿಸುತ್ತಾರೆ.

ನಾನು ಮಾವನ ಹೃದಯದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಒಂದೇ ಮಾತು ಹೇಳಿದರು, 'ಈಗಲೇ ಮಾತ್ರೆ ತಗೊಳ್ಳಲಿ, ಹಲ್ಲು ಮಾತ್ರೆ ಮೇಲೇ ಕೀಳಬಹುದು.' ಬೇರೆ ಕಡೆ ಹಲ್ಲು ಕೀಳಿಸಿದೆವು. ಹತ್ತಿ ಕಚ್ಚಿಕೊಂಡು ಮುಕ್ಕಾಲು ಗಂಟೆ ಕೂತರು, ರಕ್ತ ನಿಂತಿತು. ಮನೆಗೆ ಬರುವಾಗ ಆಟೋದಲ್ಲಿ, ಬಾಯಿ ತುಂಬ ಹತ್ತಿ ಇಟ್ಟುಕೊಂಡೇ, 'ಕೌಂಟ್ ಇನ್ನೊಂದ್ಸಲ ಮಾಡಿಸೋಣವಾ?' ಎಂದು ಕೇಳಿದರು.